ತಂಬಿಗೆ ನೀರು ಕುಡಿದ ಕಲ್ಲು

ಪುರವಣಿಗಳಲ್ಲಿ ಬರುವ ವಿಚಿತ್ರ ಅನುಭವಗಳನ್ನು ನಾನು ಪೆನ್ಸಿಲ್ ಹಿಡಿದುಕೊಂಡೇ ಓದುವವಳು. ಬಾಗಿಲು ತಾನಾಗಿ ತೆರೆಯಿತು ಎಂದು ಯಾರಾದರೂ ಬರೆದಿದ್ದರೆ ಅಂಚಿನಲ್ಲಿ ‘ಕೀಲು ಸಡಿಲ’ ಎಂದು ಬರೆಯುತ್ತಿದ್ದೆ. ತೀರಿಹೋದ ಅತ್ತೆಯ ಬಳೆಯ ಸದ್ದು ಕೇಳಿತು ಎಂದಿದ್ದರೆ ‘ಇಲಿ’. ಬೆಳಗಾವಿಯ ಕಾನ್ವೆಂಟಿನಲ್ಲಿ ನನ್ನನ್ನು ತಿದ್ದಿ ತೀಡಿದ ಸಿಸ್ಟರ್‌ಗಳು ದೇವರನ್ನು ನಂಬಲು ಕಲಿಸಿದರೋ ಇಲ್ಲವೋ, ತಪ್ಪಿನ ಕೆಳಗೆ ಗೆರೆ ಎಳೆಯಲು ಮಾತ್ರ ಚೆನ್ನಾಗಿ ಕಲಿಸಿದರು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ಪೆನ್ಸಿಲ್ ಕೈಗೆತ್ತಿಕೊಂಡರೆ ನನಗೆ ಬೇಜಾರಿಲ್ಲ. ಅಂಚಿನಲ್ಲಿ ಬರೆಯುವಂಥದು ಏನಾದರೂ ಹೊಳೆದರೆ, ಪ್ಲೀಸ್, ನನಗೂ ತಿಳಿಸಿ.

ಮೊದಲು ನನ್ನ ಕೆಲಸ ಏನಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹುಟ್ಟಿದ್ದು ಬನಹಟ್ಟಿಯ ಮಗ್ಗದ ಸದ್ದಿನ ಓಣಿಯಲ್ಲಾದರೂ ನಾನು ಆಯುಷ್ಯ ಸವೆಸಿದ್ದು ಮುಂಬಯಿ ಕಡೆಯ ಒಂದು ಲ್ಯಾಬಿನಲ್ಲಿ, ಪೆಟ್ರೋಲಿನ ಕಚ್ಚಾ ಎಣ್ಣೆ ಇರುವ ಕಲ್ಲುಗಳ ನಡುವೆ. ನೆಲದ ಕೆಳಗೆ ಎಣ್ಣೆ ಕೆರೆಯಂತೆ ತುಂಬಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಕಲ್ಲಿನ ಒಳಗೇ, ಕಣ್ಣಿಗೆ ಕಾಣದ ತೂತುಗಳಲ್ಲಿ ಇರುತ್ತದೆ. ನಮ್ಮ ಪಾಲಿಗೆ ಬಂದದ್ದು ಹೆಚ್ಚಾಗಿ ಸುಣ್ಣದ ಕಲ್ಲು. ಮಹಾಲಿಂಗಪುರದ ಬೆಲ್ಲದ ಪೆಂಟೆಯನ್ನು ಒಡೆದು ನೋಡಿದ್ದೀರಲ್ಲ? ಒಂದು ಕಡೆ ಗಟ್ಟಿ, ಒಂದು ಕಡೆ ಸೂಜಿ ಮೊನೆಯಷ್ಟು ತೂತು, ಇನ್ನೊಂದು ಕಡೆ ಬೆರಳು ಹೋಗುವಷ್ಟು ಪೊಳ್ಳು. ಸುಣ್ಣದ ಕಲ್ಲೂ ಹಾಗೇ. ತೂತು ಎಷ್ಟಿವೆ ಎನ್ನುವುದು ಪೋರಾಸಿಟಿ. ಒಂದು ತೂತಿಗೆ ಪಕ್ಕದ ತೂತಿನ ಪರಿಚಯ ಇದೆಯೋ ಇಲ್ಲವೋ, ಇದರೊಳಗೆ ಹೋದದ್ದು ಅದರೊಳಗಿಂದ ಹೊರಬೀಳುತ್ತದೋ ಇಲ್ಲವೋ ಎನ್ನುವುದು ಪರ್ಮಿಯಬಿಲಿಟಿ. ಇದನ್ನು ಅಳೆಯಲು ಕಲ್ಲಿನಿಂದ ಹೆಬ್ಬೆರಳು ಗಾತ್ರದ ಒಂದು ಸಿಲಿಂಡರ್ ಕೊರೆದು ತೆಗೆಯುತ್ತೇವೆ. ಅದಕ್ಕೆ ಪ್ಲಗ್ ಎನ್ನುತ್ತೇವೆ. ಅದರ ಒಂದು ಬದಿಯಿಂದ ಒತ್ತಡ ಕೊಟ್ಟು ಇನ್ನೊಂದು ಬದಿಯಲ್ಲಿ ಏನು ಬರುತ್ತದೆ ಎಂದು ನೋಡುತ್ತಾ ಕೂರುವುದು. ನನ್ನ ಇಡೀ ಆಯುಷ್ಯದ ಕೆಲಸ ಅಷ್ಟೇ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಪ್ಲಗ್ ಕೊರೆಯಲು ಕಲ್ಲು ಗಟ್ಟಿ ಇರಬೇಕು. ಬಿರುಕು ಇದ್ದದ್ದು, ಪೊಳ್ಳು ಇದ್ದದ್ದು ಮಷಿನ್ನಿನ ಬಾಯಲ್ಲೇ ಪುಡಿಯಾಗುತ್ತದೆ. ಹೀಗಾಗಿ ನಮ್ಮ ಕೈ ಯಾವಾಗಲೂ ಒಳ್ಳೆಯ ತುಂಡಿನ ಕಡೆಗೇ ಹೋಗುತ್ತಿತ್ತು. ನನ್ನ ಮೊದಲ ಬಾಸ್, ಬಾಯಿತುಂಬ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮುದುಕ, ನನ್ನ ಪ್ಲಗ್‌ಗಳನ್ನು ನೋಡಿ ನಗುತ್ತಿದ್ದರು. “ನೀನು ತಂದದ್ದು ಕಲ್ಲಲ್ಲ ತಾಯಿ, ಕಲ್ಲಿನ ಕ್ಯಾರೆಕ್ಟರ್ ಸರ್ಟಿಫಿಕೇಟ್,” ಎನ್ನುತ್ತಿದ್ದರು. ಜೋಕು ಎಂದುಕೊಂಡು ನಾನೂ ನಗುತ್ತಿದ್ದೆ.

ನಿವೃತ್ತಿಯ ನಂತರ ಬನಹಟ್ಟಿಗೆ ಬಂದೆ. ಮದುವೆ ಆದವಳಲ್ಲ, ತಮ್ಮ ಬಸುವಿನ ಮನೆಯ ಮಹಡಿ ಕೋಣೆ ನನ್ನದಾಯಿತು. ಬಸುವಿನದು ಸೀರೆಯ ನೂಲಿಗೆ ಬಣ್ಣ ಹಾಕುವ ಡೈಯಿಂಗ್ ಹೌಸ್. ಬಣ್ಣದ ನೀರು ಗಟಾರಕ್ಕೆ ಬರುತ್ತದೆ ಎಂದು ಓಣಿಯವರು ಜಗಳ ತೆಗೆದಿದ್ದರಿಂದ ಅವನು ಅದನ್ನು ಮುಧೋಳದ ಕಡೆ, ಊರ ಹೊರಗಿನ ಹೊಲಕ್ಕೆ ಒಯ್ದಿದ್ದ. ಆ ಹೊಲದಲ್ಲಿ ಸುಣ್ಣದ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ ಇತ್ತು. ಬಣ್ಣದ ನೀರನ್ನೆಲ್ಲ ಅದರೊಳಗೆ ಬಿಡುತ್ತಿದ್ದ. ಖಣಿಯ ಕೆಳಗಿನ ಇಳಿಜಾರಿನಲ್ಲಿ ಮಾಯವ್ವ ಎಂಬ ಹೆಂಗಸಿನ ಬಾವಿ. ಹಿಂದಿನಿಂದ ಕುರಿ ಸಾಕಿಕೊಂಡು ಬಂದ ಮನೆತನ. ಅವರು ಕುಡಿಯುವುದೂ ಕುರಿಗಳಿಗೆ ಕುಡಿಸುವುದೂ ಅದೇ ಬಾವಿಯ ನೀರು.

ಬಾವಿ ಕೆಟ್ಟಿದೆ ಎಂದು ಮಾಯವ್ವ ಅರ್ಜಿ ಕೊಟ್ಟಳು. ಬಸುವಿಗೆ ನೋಟಿಸು ಬಂತು. ಖಣಿಗೆ ನೀರು ಬಿಡಬಾರದು ಎಂದರೆ ಡೈಯಿಂಗ್ ಹೌಸಿಗೆ ಬೀಗ ಹಾಕಿದ ಹಾಗೇ. ಅವನು ಮೆಟ್ಟಿಲೇರಿ ನನ್ನ ಕೋಣೆಗೆ ಬಂದ.

“ಅಕ್ಕಾ, ನೀ ಒಂದ ಕಾಗದ ಬರದ ಕೊಟ್ರ ಸಾಕ ನೋಡು. ಕಲ್ಲಿನ ವಿಷ್ಯಾದಾಗ ನಿನ್ನ ಮಾತಿಗೆ ಎದರಾಡವ್ರು ಈ ಸೀಮ್ಯಾಗ ಯಾರದಾರ?”

ಸುಳ್ಳು ಹೇಳಲಾರೆ, ಆ ಮಾತು ನನಗೆ ಹಿತವಾಯಿತು. ಊರಿಗೆ ಬಂದ ಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮೊಣಕಾಲು ನೋವು ಹೇಗಿದೆ ಎನ್ನುವುದೊಂದನ್ನು ಬಿಟ್ಟು.

ಕಾರಿನಲ್ಲಿ ಹೋದೆ. ಖಣಿಯ ಅಂಚಿನಲ್ಲಿ ಬೂದುಬಣ್ಣದ, ಗಂಟೆಯಂತೆ ಠಣ್ ಎನ್ನುವ ಒಂದು ಕಲ್ಲು ಆರಿಸಿಕೊಂಡೆ. ನಾಲಗೆ ಹಚ್ಚಿ ನೋಡಿದೆ. ಇದು ನಮ್ಮವರ ಹಳೆಯ ಅಭ್ಯಾಸ. ಒಣ ಕಲ್ಲಿನಲ್ಲಿ ಸಣ್ಣ ತೂತುಗಳಿದ್ದರೆ ಅದು ನಾಲಗೆಯ ಪಸೆ ಹೀರಿ ಅಂಟಿಕೊಳ್ಳುತ್ತದೆ. ಇದು ಅಂಟಲಿಲ್ಲ. ಗಾಜಿನ ಹಾಗೆ ಇತ್ತು. ತಿರುಗಿ ಕಾರು ಹತ್ತುವಾಗ ಕುರಿನಾಯಿ ಎರಡು ಬೊಗಳುತ್ತ ಬಂದವು, ಹಿಂದೆಯೇ ಹಣೆಗೆ ಭಂಡಾರದ ಅರಿಸಿನ ಹಚ್ಚಿದ ಒಣಕಲು ಹೆಂಗಸು, ಮಾಯವ್ವ. ನಾಯಿಗಳನ್ನು ಅವಳು ಸುಮ್ಮನಿರಿಸಲಿಲ್ಲ.

“ಬಾಯಾರ, ಬಾವಿ ಒಂದೀಟ ಬಗ್ಗಿ ನೋಡಿ ಹೋಗ್ರಿ. ಇಲ್ಲೇ ಐತಿ.”

“ಬಾವಿ ನೋಡೂದು ಬ್ಯಾಡವಾ. ಕಲ್ಲ ನೋಡಿದ್ರ ಸಾಕು.”

“ನಾವೇನ ಕಲ್ಲ ಕುಡೀತೇವೇನ್ರಿ?”

ನಾನು ಕಾರಿನ ಗಾಜು ಏರಿಸಿದೆ. ಬಿಸಿಲು ಜೋರಿತ್ತು. ಬಾವಿ ನಾನು ಕೂತಲ್ಲಿಂದಲೇ ಕಾಣುತ್ತಿತ್ತು.

ನನ್ನ ಕೈಕೆಳಗೆ ಕಲಿತವಳೊಬ್ಬಳು ಈಗ ಸ್ವಂತ ಲ್ಯಾಬ್ ಇಟ್ಟಿದ್ದಾಳೆ. ಕಲ್ಲನ್ನು ಅವಳಿಗೆ ಕಳಿಸಿದೆ. ಅವಳು ಪ್ಲಗ್ ಕೊರೆದು, ಅಳೆದು, ಒಣತೂಕದ ಚೀಟಿ ಅಂಟಿಸಿ ರಿಪೋರ್ಟಿನ ಜೊತೆ ವಾಪಸು ಕಳಿಸಿದಳು. ಪರ್ಮಿಯಬಿಲಿಟಿ ಇಲ್ಲವೆಂದರೂ ನಡೆದೀತು, ಅಷ್ಟು ಕಡಿಮೆ. ನಾನು ಫೌಂಟನ್ ಪೆನ್ನಿನಲ್ಲಿ, ಸಿಸ್ಟರ್‌ಗಳು ಕಲಿಸಿದ ಬಾಗಿದ ಅಕ್ಷರಗಳಲ್ಲಿ ಕಾಗದ ಬರೆದೆ. ಈ ಕಲ್ಲಿನ ಮೂಲಕ ಖಣಿಯ ನೀರು ಬಾವಿಗೆ ಹೋಗಲು ಸಾಧ್ಯವಿಲ್ಲ ಎಂದು ಕೊನೆಗೆ ಸಹಿ ಹಾಕಿದೆ. ಒಂದು ಪ್ರತಿಯನ್ನು ನೋಟಿಸು ಕಳಿಸಿದ ಆಫೀಸಿಗೆ ಕೊಟ್ಟೆವು. ಅಷ್ಟೇ ನೀಟಾಗಿ ಇನ್ನೊಂದು ಪ್ರತಿ ಬರೆದು ನನಗೆಂದು ಇಟ್ಟುಕೊಂಡೆ. ನೋಟಿಸು ರದ್ದಾಯಿತು. ಬಸು ಪೇಢೆ ತಂದ.

ಇದಾಗಿ ಮೂರು ವಾರವಾಗಿರಬಹುದು. ಬೇಸಿಗೆಯ ಮಧ್ಯಾಹ್ನ, ಊಟ ಮುಗಿದಿತ್ತು. ಪಡಸಾಲೆಯ ಮೇಜಿನ ಮುಂದೆ ಪೇಪರ್ ಓದುತ್ತ ಕೂತಿದ್ದೆ. ನನ್ನ ಕಾಗದದ ಪ್ರತಿ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ಆ ಪ್ಲಗ್. ನೆಂಟರು ಯಾರಾದರೂ ಬಂದರೆ ತೋರಿಸಲಿ ಎಂದು ಬಸುವೇ ಅದನ್ನು ಅಲ್ಲಿ ಇಡಿಸಿದ್ದ. ಬಾಗಿಲಲ್ಲಿ ನೆರಳು ಬಿತ್ತು. ಮಾಯವ್ವ. ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ತಂಬಿಗೆ. ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ, ಅಷ್ಟು ದೂರ ಆ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

ಕೂರು ಎಂದೆ. ಕೂರಲಿಲ್ಲ. ಬಸುವಿನ ಹೆಂಡತಿ ಶಕ್ಕು ಅಡುಗೆಮನೆಯಿಂದ ಇಣುಕಿ, ಚಹಾ ಮಾಡಲೇ ಎಂದಳು.

“ನಿಮ್ಮ ಮನಿ ಚಾ ಕುಡ್ಯಾಕ ಬಂದಿಲ್ರಿ ನಾ,” ಎಂದಳು ಮಾಯವ್ವ. ನನ್ನ ಕಡೆ ತಿರುಗಿ ತಂಬಿಗೆಯ ಬಟ್ಟೆ ಬಿಚ್ಚಿದಳು. “ನಮ್ಮ ಬಾವಿ ನೀರ್ರಿ. ಬೀರಪ್ಪನ ಭಂಡಾರದ ಆಣಿ, ನಾ ಏನೂ ಕಲಸಿಲ್ಲ. ಕುರಿ ಮೂಸಿ ನೋಡಿ ಹೊಳ್ಳಿ ಹೋಗಾಕತ್ತಾವು. ನೀವು ಶಾಣ್ಯಾರು. ಒಂದ ಗುಟುಕ ಕುಡದು ಛಲೋ ಅದಾವಂತ ಹೇಳ್ರಿ. ನಾ ಮತ್ತ ಈ ಹೊಸ್ತಲ ತುಳ್ಯಾಂಗಿಲ್ಲ.”

ನೀರು ನೋಡಲು ತಿಳಿಯಾಗಿಯೇ ಇತ್ತು. ವಾಸನೆ ಮಾತ್ರ ಬಂತು, ಬಸುವಿನ ಅಂಗಿಯಿಂದ ಸಂಜೆ ಬರುವ ಅದೇ ವಾಸನೆ. ನನಗೆ ಸಿಟ್ಟು ಬಂತು. ಅವಳ ಮೇಲೋ, ಆ ವಾಸನೆ ಗುರುತು ಹಿಡಿದ ನನ್ನ ಮೂಗಿನ ಮೇಲೋ, ಈಗ ಹೇಳಲಾರೆ.

“ದಿಸ್ ಈಸ್ ನಾಟ್ ದ ವೇ,” ಎಂದೆ. ಎದುರಿನವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಗೊತ್ತಿದ್ದಾಗ ಇಂಗ್ಲಿಷ್ ಆಡುವುದು ಎಂಥ ಹೊಡೆತ ಎಂದು ನನಗೆ ಚೆನ್ನಾಗಿ ಗೊತ್ತು. ಕಾನ್ವೆಂಟಿಗೆ ಸೇರಿದ ಮೊದಲ ವರ್ಷ ಆ ಹೊಡೆತ ನಾನೂ ತಿಂದವಳೇ. “ನಿಮ್ಮ ಬಾವಿ ನೀವ ಹೊಲಸ ಇಟ್ಕೊಂಡ್ರ ನಾ ಏನ ಮಾಡ್ಲಿ? ಕಲ್ಲ ಹನಿ ನೀರ ಕುಡ್ಯಾಂಗಿಲ್ಲ. ಟೆಸ್ಟ್ ಮಾಡೇನಿ.”

ಅವಳು ನನ್ನನ್ನು ನೋಡಿದಳು. ಮೇಜಿನ ಮೇಲಿನ ಪ್ಲಗ್ ನೋಡಿದಳು.

“ಇದ ಏನ್ರಿ ಆ ಕಲ್ಲು?”

“ಹೌದು.”

“ನೀವಂತೂ ಕುಡ್ಯಾಂಗಿಲ್ಲ. ನಿಮ್ಮ ಕಲ್ಲರ ಕುಡೀಲಿ.”

ಹೀಗೆಂದು ತಂಬಿಗೆಯನ್ನು ಬಗ್ಗಿಸಿದಳು.

ಇಲ್ಲಿಂದ ಮುಂದಿನದನ್ನು ನಾನು ಕಂಡಂತೆ ಮಾತ್ರ ಬರೆಯುತ್ತೇನೆ. ಅವಳು ರಭಸದಿಂದ ಚೆಲ್ಲಲಿಲ್ಲ. ಲಿಂಗದ ಮೇಲೆ ನೀರು ಹಾಕುವ ಹಾಗೆ ಸಣ್ಣ ಧಾರೆಯಾಗಿ ಹಾಕಿದಳು. ನಾನು “ನನ್ನ ಕಾಗದ!” ಎಂದು ಕೂಗಿ ಎದ್ದೆ. ಶಕ್ಕು ಓಡಿ ಬಂದಳು. ಧಾರೆ ಪ್ಲಗ್ಗಿನ ನೆತ್ತಿಗೆ ಬೀಳುತ್ತಲೇ ಇತ್ತು, ತಂಬಿಗೆ ಬಗ್ಗುತ್ತ ಬಗ್ಗುತ್ತ ಪೂರ್ತಿ ಮಗುಚಿತು. ಆದರೆ ಕಲ್ಲಿನ ಬದಿಗೆ ಒಂದು ಹನಿ ಇಳಿಯಲಿಲ್ಲ. ಮೇಜಿನ ಮೇಲೆ ಹರಿಯಲಿಲ್ಲ. ನೆಲಕ್ಕೆ ತೊಟ್ಟಿಕ್ಕಲಿಲ್ಲ. ತಂಬಿಗೆ ತುಂಬ ಇದ್ದ ನೀರು ಹೆಬ್ಬೆರಳು ಗಾತ್ರದ ಕಲ್ಲಿನೊಳಗೆ ಹೋಯಿತು.

ಮಂತ್ರವಿಲ್ಲ, ಸದ್ದಿಲ್ಲ. ಹೊರಗೆ ಪಕ್ಕದ ಮನೆಯ ಪವರ್‌ಲೂಮು ಎಂದಿನಂತೆ ಬಡಿದುಕೊಳ್ಳುತ್ತಿತ್ತು.

“ಅಯ್ಯ, ಅಕ್ಕಾರ, ನೀರ ಎಲ್ಲಿ ಹೋದ್ವು?” ಎಂದಳು ಶಕ್ಕು. ಈ ಮಾತು ಅವಳು ಆಡಿದಳು. ಇದನ್ನು ನೆನಪಿಡಿ.

ಮಾಯವ್ವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ತಂಬಿಗೆಯ ತಳದಲ್ಲಿ ಉಳಿದ ಹನಿಯನ್ನು ಹೊಸ್ತಿಲಾಚೆ ಝಾಡಿಸಿದಳು. “ಕುಡೀತ ನೋಡ್ರಿ,” ಎಂದಳು. ದನಕ್ಕೆ ನೀರು ಕುಡಿಸಿದವರು ಹೇಳುವ ಧಾಟಿ ಅದು. “ಇನ್ನ ಆ ಕಾಗದಾ ಏನ ಮಾಡ್ತೀರಿ ಮಾಡ್ರಿ.” ಬಸ್ಸು ತಪ್ಪುತ್ತದೆ ಎಂದು ಹೊರಟೇ ಹೋದಳು.

ಪ್ಲಗ್ ಎತ್ತಿದೆ. ಒಣಗಿತ್ತು. ಅದರ ಕೆಳಗಿನ ಕಾಗದದ ಮೇಲೆ ನನ್ನ ಶಾಯಿಯ ಒಂದು ಅಕ್ಷರವೂ ಹರಡಿರಲಿಲ್ಲ. ಫೌಂಟನ್ ಪೆನ್ನಿನ ಶಾಯಿ ಕಣ್ಣೀರು ಬಿದ್ದರೂ ಹರಡುತ್ತದೆ, ಹಾಸ್ಟೆಲಿನಿಂದ ಮನೆಗೆ ಪತ್ರ ಬರೆದ ಹುಡುಗಿಯರನ್ನು ಕೇಳಿ. ಮೇಜಿನ ಕೆಳಗೆ ಬಗ್ಗಿ ಅಂಗೈಯಿಂದ ನೆಲದ ಫರಸಿಕಲ್ಲು ಸವರಿದೆ. ಧೂಳು ಮಾತ್ರ ಅಂಟಿತು. ಬಣ್ಣದ ಪುಡಿ ತೂಗಲು ಬಸು ಮನೆಯಲ್ಲಿ ಇಟ್ಟಿದ್ದ ಸಣ್ಣ ತಕ್ಕಡಿ ತರಿಸಿ ಪ್ಲಗ್ ತೂಗಿದೆ. ಚೀಟಿಯಲ್ಲಿ ಬರೆದಷ್ಟೇ ಇತ್ತು. ಅಂದರೆ ನೀರು ಕಲ್ಲಿನ ಒಳಗೂ ಇರಲಿಲ್ಲ. ಆಮೇಲೆ ನಾನೇ ಅಡುಗೆಮನೆಯಿಂದ ನೀರು ತಂದು ಚಮಚೆಯಲ್ಲಿ ಅದರ ನೆತ್ತಿಗೆ ಹಾಕಿದೆ. ನೀರು ಮುತ್ತಿನಂತೆ ನಿಂತಿತು, ಜಾರಿತು, ಕಾಗದದ ಮೇಲೆ ಬಿತ್ತು. ‘ಸಾಧ್ಯವಿಲ್ಲ’ ಎಂದು ಬರೆದಲ್ಲಿ ಶಾಯಿ ಹರಡಿ ಮೋಡದಂತಾಯಿತು.

ಮರುದಿನ ಬಸುವಿಗೆ ಕಾರು ಕೇಳಿದೆ. ಯಾಕೆ ಎಂದ. ಬಾವಿ ನೋಡಬೇಕು ಎಂದೆ. ಕೊಡಲಿಲ್ಲ. ನಾನು ಬಸ್ಸಿನಲ್ಲಿ ಹೋದೆ, ಕ್ರಾಸಿನಲ್ಲಿ ಇಳಿದು ನಡೆದೆ. ನಾಯಿಗಳು ಬಂದವು. ಮಾಯವ್ವ ಈ ಸಲ ಅವುಗಳನ್ನು ಗದರಿಸಿದಳು. ಬಾವಿಯ ಮೆಟ್ಟಿಲು ಹಿಡಿದು ಇಳಿದೆ. ಖಣಿಯ ಕಡೆಯ ಗೋಡೆಯಲ್ಲಿ, ನೀರಿಗಿಂತ ಮೊಳ ಮೇಲೆ, ಒಡೆದ ಬೆಲ್ಲದ ಪೆಂಟೆಯಂಥ ಕಲ್ಲು. ಪೊಳ್ಳಿಗೆ ಪೊಳ್ಳು ಕೂಡಿಕೊಂಡು, ನಡುವೆ ಬಿರುಕು ಸೇರಿ, ಕೈ ಹಾಕಿದರೆ ತಣ್ಣನೆಯ ಗಾಳಿ. ಬಿರುಕಿನ ತುಟಿಯಲ್ಲಿ ಗಿಳಿಹಸಿರು, ನೀಲಿ, ರಾಣಿ ಬಣ್ಣದ ಗೆರೆಗಳು, ಆ ವರ್ಷ ಯಾವ ಯಾವ ಸೀರೆ ಓಡಿದವೋ ಆ ಬಣ್ಣಗಳೆಲ್ಲ. ಅದರ ಮೇಲಿನ ಒಣ ಭಾಗಕ್ಕೆ ನಾಲಗೆ ಹಚ್ಚಿದೆ. ಅಂಟಿಕೊಂಡಿತು. ಬಿಡಿಸಿಕೊಳ್ಳಲು ಎಳೆಯಬೇಕಾಯಿತು, ಬಾಯಲ್ಲಿ ಕಹಿ ಉಳಿಯಿತು.

ಇಂಥ ತುಂಡುಗಳು ಖಣಿಯ ಅಂಚಿನಲ್ಲೂ ಇದ್ದವು. ನಾನು ಅವನ್ನು ಕಾಲಿನಿಂದ ಸರಿಸಿ ಗಟ್ಟಿಯಾದುದನ್ನು ಎತ್ತಿಕೊಂಡಿದ್ದೆ. ಕ್ಯಾರೆಕ್ಟರ್ ಸರ್ಟಿಫಿಕೇಟ್.

ಮೇಲೆ ಬಂದಾಗ ಮಾಯವ್ವ ಇಷ್ಟೇ ಹೇಳಿದಳು: “ಈಗ ಬಂದ್ರಿ?”

ಹೀಗೆ, ಬಾವಿ ಯಾಕೆ ಕೆಟ್ಟಿತು ಎನ್ನುವುದಕ್ಕೆ ನನ್ನ ಬಳಿ ಪಕ್ಕಾ ಉತ್ತರವಿದೆ. ಆ ಉತ್ತರವನ್ನೇ ಎರಡನೆಯ ಕಾಗದದಲ್ಲಿ ಬರೆದೆ. ಮೊದಲನೆಯದು ತಪ್ಪು, ತಪ್ಪು ನನ್ನದು ಎಂದು ಸಹಿ ಹಾಕಿದೆ. ಬಸು ಅದನ್ನು ಓದಿ ಮೇಜು ಗುದ್ದಿದ.

“ಮುದುಕಿ ಒಂದ ತಂಬಗಿ ನೀರ ಚೆಲ್ಲಿ ಹೋದ್ಲಂತ ಬರದ ಮಾತ ತಿರುವ್ತೀ? ನಿನಗ ಅರಳು ಮರಳು ಆಗೇತಿ!”

“ಚೆಲ್ಲಲಿಲ್ಲ ಬಸು, ಅದ ವಿಚಿತ್ರ. ಶಕ್ಕುನ ಕೇಳು.”

ಶಕ್ಕು ಸೆರಗಿನ ತುದಿ ನೋಡುತ್ತ ನಿಂತಿದ್ದಳು. “ತಂಬಗಿ ಖಾಲಿ ಇತ್ರಿ,” ಎಂದಳು. “ನಾ ನೋಡೇನಿ. ಅಕಿ ಸುಮ್ನ ಬಗ್ಗಿಸಿದ್ಲು.”

ಅವಳನ್ನು ನಾನು ಬೈಯುವುದಿಲ್ಲ. ಆ ಮನೆಯಲ್ಲಿ ಇರಬೇಕಾದವಳು ಅವಳು. ಕೆಲವೊಮ್ಮೆ ಅವಳು ಹೇಳಿದ್ದೇ ನಿಜವಿರಬಹುದೇ ಎಂದೂ ಯೋಚಿಸಿದ್ದೇನೆ. ಆದರೆ ಖಾಲಿ ತಂಬಿಗೆಯಿಂದ ಆ ವಾಸನೆ ಹೇಗೆ ಬಂತು? ನೀರು ಎಲ್ಲಿ ಹೋದವು ಎಂದು ಅವಳೇ ಯಾಕೆ ಕೇಳಿದಳು? ಬಿಸಿಲಿಗೆ ಆರಿತು ಎನ್ನುತ್ತೀರಾ? ಅಷ್ಟು ನೀರು ಆರಲು ಸಂಜೆಯವರೆಗೆ ಬೇಕು. ನನ್ನ ಕಣ್ಣು ಮೋಸ ಮಾಡಿತೆನ್ನುತ್ತೀರಾ? ಮಾಡಿರಬಹುದು. ನನ್ನ ಅಂಗೈಯೂ ತಕ್ಕಡಿಯೂ ಅದೇ ದಿನ, ಅದೇ ಮೋಸ ಮಾಡಬೇಕಿತ್ತು.

ಇದೆಲ್ಲ ಆಗಿ ನಾಲ್ಕು ವರ್ಷ. ಎರಡನೆಯ ಕಾಗದವನ್ನು ನಾನೇ ಆಫೀಸಿಗೆ ಒಯ್ದು ಕೊಟ್ಟ ಮೇಲೆ ಖಣಿಗೆ ನೀರು ಬಿಡುವುದು ನಿಂತಿತು. ಬಸು ಬೇರೆ ಕಡೆ ಸಿಮೆಂಟಿನ ತೊಟ್ಟಿ ಕಟ್ಟಿಸಿಕೊಂಡ, ಡೈಯಿಂಗ್ ಹೌಸಿಗೇನೂ ಬೀಗ ಬೀಳಲಿಲ್ಲ. ನನ್ನೊಡನೆ ಮಾತು ಮಾತ್ರ ಬಿಟ್ಟ. ನಾನು ಜಮಖಂಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ಇಲ್ಲಿ ಮಗ್ಗದ ಸದ್ದಿಲ್ಲ. ಮೊದಮೊದಲು ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಪ್ರತಿ ವರ್ಷ ಮಳೆ ಮುಗಿದ ಮೇಲೆ ಮಾಯವ್ವನ ಬಾವಿಗೆ ಹೋಗಿಬರುತ್ತೇನೆ. ಅವಳು ಕೂರು ಎನ್ನುವುದಿಲ್ಲ. ನೀರು ಸೇದಿ ಕುರಿಗಳು ಕುಡಿಯುವ ಡೋಣಿಗೆ ಹಾಕುತ್ತಾಳೆ. ಒಂದು ಕುರಿ ಬಂದು ಮೂಸುತ್ತದೆ. ಇಬ್ಬರೂ ಅದರ ಮೂತಿಯನ್ನೇ ನೋಡುತ್ತ ನಿಲ್ಲುತ್ತೇವೆ. ಅದು ಹಿಂದೆ ಸರಿಯುತ್ತದೆ. ಸುಣ್ಣದ ಕಲ್ಲು ಒಳಗೆ ತೆಗೆದುಕೊಂಡದ್ದನ್ನು ಬೇಗ ಬಿಡುವುದಿಲ್ಲ. ಎಣ್ಣೆಯೂ ಹಾಗೇ, ಎಷ್ಟೇ ಒತ್ತಡ ಹಾಕಿದರೂ ಬಹಳಷ್ಟು ಕಲ್ಲಿನಲ್ಲೇ ಉಳಿಯುತ್ತದೆ. ಇದನ್ನು ಅವಳಿಗೆ ಹೇಗೆ ಹೇಳುವುದೆಂದು ನಾನು ತೊದಲುತ್ತಿದ್ದಾಗ, ಹೋದ ಸಲ ಅವಳೇ ಕೇಳಿದಳು.

“ನಿಮ್ಮ ಕಲ್ಲು ಕುಡಿದಿತ್ತಲ್ಲರಿ ಬಾಯಾರ. ಆ ನೀರ ಹೊರಗ ಬಂದ್ವೇನ್ರಿ?”

“ಇಲ್ಲ ಮಾಯವ್ವ.”

“ಹೂಂ. ನಮ್ಮವೂ ಇನ್ನ ಹೋಗಿಲ್ಲ.”

ಅವಳು ಕಂಡಿದ್ದಾಳೆ. ಅವಳಿಗೆ ಅದು ವಿಚಿತ್ರವಲ್ಲ, ಅಷ್ಟೇ.

ಲ್ಯಾಬಿನವಳು ಫೋನು ಮಾಡಿದಾಗಲೆಲ್ಲ ಹೇಳುತ್ತಾಳೆ, “ಮೇಡಂ, ಪ್ಲಗ್ ಕಳಿಸಿ, ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆಯಿತಲ್ಲ.” ಕಳಿಸಿಲ್ಲ. ಒಂದು ಬದಿಯಿಂದ ಒಳಗೆ ಹೋದದ್ದು ಇನ್ನೊಂದು ಬದಿಯಿಂದ ಯಾವಾಗಲಾದರೂ ಹೊರಗೆ ಬರಬೇಕು, ಬರುವವರೆಗೆ ಮಷಿನ್ ಮುಂದಿನಿಂದ ಏಳಬಾರದು ಎಂದು ಅವಳಿಗೆ ಕಲಿಸಿದವಳು ನಾನೇ. ಕಲ್ಲು ಈಗ ನನ್ನ ಕಿಟಕಿಯ ಕಟ್ಟೆಯ ಮೇಲಿದೆ. ಅದರ ಕೆಳಗೆ ಒಂದು ಬಿಳಿ ಸಾಸರ್ ಇಟ್ಟಿದ್ದೇನೆ. ದಿನಾ ಮುಂಜಾನೆ ಕನ್ನಡಕ ಹಾಕಿಕೊಂಡು, ಚಹಾಕ್ಕೂ ಮೊದಲು, ಎತ್ತಿ ನೋಡುತ್ತೇನೆ.

ಇವತ್ತೂ ಒಣಗಿತ್ತು.